ತಕ್ಕಡಿ ಮೇಷ್ಟ್ರ ತಿಜೋರಿ: ಒಂಬತ್ತನೆಯ ಕಂತು

ಡಯಲ್ಲು ಎಪ್ಪತ್ತಮೂರರಲ್ಲಿ ನಿಂತಿತ್ತು.

ಊಟಕ್ಕೆ ಏಳುವ ಮುನ್ನ ಪರೀಕ್ಷಕಿ ಅದನ್ನು ಸೊನ್ನೆಗೆ ತಂದು ನಿಲ್ಲಿಸಿದ್ದಳು. ನಿಲ್ಲಿಸಿದ್ದನ್ನು ರಿಜಿಸ್ಟರಿನಲ್ಲಿ ಬರೆದು, ಎದುರಿಗೆ ಸಮಯ ಹಾಕಿ, ಯಾರೂ ಮುಟ್ಟಬಾರದೆಂದು ಮನೆಯ ಮೂವರಿಗೂ ಬೇರೆ ಬೇರೆಯಾಗಿ ಹೇಳಿ ಹೋಗಿದ್ದಳು. ಹೋಗಿ ಬರಲು ಹಿಡಿದದ್ದು ಇಪ್ಪತ್ತೆರಡು ನಿಮಿಷ.

“ಯಾರು ತಿರುಗಿಸಿದ್ದು?”

ನಡುಮನೆಯ ಸೋಫಾದಲ್ಲಿ ಕುಳಿತಿದ್ದ ಚಿಕ್ಕಪ್ಪ ದಿನಪತ್ರಿಕೆಯನ್ನು ಮೂಗಿನ ಮಟ್ಟಕ್ಕೆ ಏರಿಸಿಕೊಂಡರು. ತೀರಿಕೊಂಡ ತಕ್ಕಡಿ ಮೇಷ್ಟ್ರಿಗೆ ಅವರು ಒಬ್ಬನೇ ತಮ್ಮ. ಮೇಷ್ಟ್ರ ಮಗಳಿಗೆ ಮಾತ್ರವಲ್ಲ, ಇಡೀ ಬೀದಿಗೆ ಚಿಕ್ಕಪ್ಪ.

“ಸುಮ್ನೆ ಒಂದ್ಸಲ ನೋಡ್ದೆ ಮೇಡಂ,” ಎಂದಿತು ಪತ್ರಿಕೆಯ ಹಿಂದಿನ ದನಿ. “ಅಣ್ಣನಿಗೆ ಹತ್ತನೇ ಕ್ಲಾಸಲ್ಲಿ ಗಣಿತಕ್ಕೆ ಎಪ್ಪತ್ತಮೂರು ಬಂದಿತ್ತು. ಅದು ಜ್ಞಾಪಕಕ್ಕೆ ಬಂತು.”

“ತೆಗೀತಾ?”

“ಎಲ್ಲಿ ತೆಗೀತು. ಬರೀ ಪಾಸಾಗಿದ್ದ ವಿಷಯಗಳನ್ನೂ ಹಾಕಿ ನೋಡೋಣ ಅಂತಿದ್ದೆ, ಅಷ್ಟ್ರಲ್ಲಿ ನೀವು ಬಂದ್ರಿ.”

ಪರೀಕ್ಷಕಿ ಹತ್ತರವರೆಗೆ ಎಣಿಸಿದಳು. ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಆರು ವರ್ಷ ಪರೀಕ್ಷಕಿಯಾಗಿದ್ದವಳು ಅವಳು. ಆ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ, ಅಭ್ಯಾಸಗಳೂ ಬಿಟ್ಟಿರಲಿಲ್ಲ. ಅವಳ ರಿಜಿಸ್ಟರಿನಲ್ಲಿ ಮೊದಲಿಗೆ ನಾಲ್ಕು ಅಂಕಣಗಳಿದ್ದವು: ಸಮಯ, ಸಂಖ್ಯೆ, ತಿರುಗಿಸಿದ ದಿಕ್ಕು, ಫಲ. ಎರಡನೆಯ ದಿನವೇ ಐದನೆಯದೊಂದನ್ನು ಎಳೆಯಬೇಕಾಯಿತು. ಅದರ ತಲೆಬರಹ: ‘ಮಧ್ಯೆ ಕೈ ಹಾಕಿದವರು’.

ಆ ಅಂಕಣವೇ ಈಗ ಎಲ್ಲಕ್ಕಿಂತ ಉದ್ದವಾಗಿ ಬೆಳೆದಿತ್ತು. ಮಂಗಳವಾರ ಹನ್ನೊಂದೂವರೆಗೆ ಐವತ್ತೈದು: ಅಳಿಯ, ತನ್ನ ಸ್ಕೂಟರಿನ ನಂಬರು ಹಾಕಿ. ಬುಧವಾರ ಮೂರಕ್ಕೆ ಹನ್ನೆರಡು: ಚಿಕ್ಕಪ್ಪ, ಅಣ್ಣನ ಮದುವೆಯ ತಾರೀಖು. ಗುರುವಾರ ಬೆಳಗ್ಗೆ ಒಂಬತ್ತು ಹತ್ತಕ್ಕೆ ನಲವತ್ತೆರಡು: ಮಗಳು, ಧೂಳು ಒರೆಸುವಾಗ. ಗುರುವಾರ ಮಧ್ಯಾಹ್ನ ಎಂಟು: ಚಿಕ್ಕಪ್ಪ, ಕಾರಣ ಹೇಳಲಿಲ್ಲ. ಪ್ರತಿ ಸಲವೂ ಅವಳು ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಡಯಲ್ಲನ್ನು ಗರಗರ ನಾಲ್ಕು ಸುತ್ತು ತಿರುಗಿಸಿ, ಒಳಗಿನ ಚಕ್ರಗಳ ಗೊಂದಲವನ್ನೆಲ್ಲ ಅಳಿಸಿ, ಸೊನ್ನೆಗೆ ತಂದು, ಮೊದಲಿನಿಂದ ಆರಂಭಿಸುವುದು.

ಈಗಲೂ ಹಾಗೆಯೇ ಮಾಡಿದಳು.

“ನೀವು ಪತ್ತೇದಾರರು ತಾನೇ,” ಎಂದರು ಚಿಕ್ಕಪ್ಪ, ಅಪಾಯ ಕಳೆಯಿತೆಂದು ಪತ್ರಿಕೆ ಇಳಿಸಿ. “ಮೊದ್ಲು ನನ್ನ ಬುಧವಾರದ ಪೇಪರ್ ಹುಡುಕಿಕೊಡಿ ನೋಡೋಣ. ಪದಬಂಧ ಅರ್ಧ ತುಂಬಿಸಿಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಪೇಪರ್ರೇ ಇಲ್ಲ. ಈ ಮನೇಲಿ ತಿಜೋರಿ ಒಂದು ಬಿಟ್ರೆ ಇಟ್ಟಲ್ಲಿ ಇರೋ ವಸ್ತು ಯಾವುದೂ ಇಲ್ಲ.”

ಪರೀಕ್ಷಕಿ ಗಡಿಯಾರ ನೋಡಿದಳು. ಗಂಟೆ ಒಂದೂಮುಕ್ಕಾಲಾಗಿತ್ತು. ನಾಲ್ಕಕ್ಕೆ ಡ್ರಿಲ್ಲಿನವನು ಬರುತ್ತಾನೆಂದು ಅಳಿಯ ಬೆಳಗ್ಗೆಯೇ ಸಾರಿದ್ದ. ಐದಕ್ಕೆ ಅದಕ್ಕಿಂತ ಕೆಟ್ಟದ್ದೊಂದು ಕಾದಿತ್ತು.

ಕಾಲೇಜಿನ ಪ್ರಯೋಗಾಲಯದವರು ತಮ್ಮ ಪ್ಲಾಟಿನಂ ತೂಕದ ಬಟ್ಟುಗಳನ್ನು, ಎಂಟು ಬಟ್ಟುಗಳ ಒಂದು ಮರದ ಪೆಟ್ಟಿಗೆಯನ್ನು, ಪರಿಶೀಲನೆಗೆಂದು ಮೇಷ್ಟ್ರ ಅಂಗಡಿಗೆ ಕೊಟ್ಟಿದ್ದರು. ಎರಡು ದಿನ ಕಳೆದು ಮೇಷ್ಟ್ರು ತೀರಿಕೊಂಡರು. ಪೆಟ್ಟಿಗೆ ಕಾಣಲಿಲ್ಲ. ರಸೀದಿಯ ಮೇಲಿದ್ದದ್ದು ಅಂಗಡಿಯ ಮೇಸ್ತ್ರಿಯ ಸಹಿ. ಅಂಗಡಿಯ ಬೀಗದ ಕೈ ಆಗ ಇದ್ದದ್ದೂ ಅವನ ಹತ್ತಿರವೇ. ಯಜಮಾನರು ತನ್ನ ಕಣ್ಣೆದುರಿಗೇ ಅದನ್ನು ತಿಜೋರಿಯಲ್ಲಿಟ್ಟರು ಎಂದು ಅವನು ಹೇಳಿದ. ತಿಜೋರಿಯ ಸಂಖ್ಯೆ ಗೊತ್ತಿದ್ದದ್ದು ಮೇಷ್ಟ್ರೊಬ್ಬರಿಗೆ. ಸಂಜೆ ಐದರವರೆಗೆ ಕಾಯುತ್ತೇವೆ, ಆಮೇಲೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂದು ಕಾಲೇಜಿನವರು ಹೇಳಿಯಾಗಿತ್ತು. ದೂರಿನಲ್ಲಿ ಬರುವ ಹೆಸರು ಒಂದೇ. ಮೂವತ್ತೊಂಬತ್ತು ವರ್ಷ ಒಂದೇ ಅಂಗಡಿಯಲ್ಲಿ ತಕ್ಕಡಿಗಳ ಮುಳ್ಳು ಸರಿಪಡಿಸಿದವನ ಹೆಸರು.

ಇಷ್ಟಾಗಿ, ಸಂಖ್ಯೆ ಅವಳ ಕೈಯಲ್ಲೇ ಇತ್ತು. ತಲೆ ಚಿಟ್ಟು ಹಿಡಿಸಿದ ಸಂಗತಿಯೇ ಅದು.

ಮೇಷ್ಟ್ರ ಕನ್ನಡಕದ ಡಬ್ಬಿಯ ಒಳಪದರದಲ್ಲಿ ನಿನ್ನೆ ಸಿಕ್ಕ ಚೀಟಿಯಲ್ಲಿ ಅವರದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು: ‘ತಿಜೋರಿ. ೧೮, ೬೪, ೩೯.’ ಬಾಗಿಲಲ್ಲಿ ಒಂದು ಡಯಲ್ಲು, ಡಯಲ್ಲಿನ ಅಂಚಿನ ಸುತ್ತ ನೂರು ಗೆರೆ, ಅದರ ಹಿಂದಿನ ಬಳೆಯ ನೆತ್ತಿಯಲ್ಲಿ ಒಂದು ಕೆಂಪು ಗುರುತು. ಮೂರು ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಕೆಂಪು ಗುರುತಿಗೆ ತಂದು, ಮೂರನೆಯದರಲ್ಲಿ ನಿಲ್ಲಿಸಿ, ಪಕ್ಕದ ಹಿಡಿಕೆಯನ್ನು ಒತ್ತಿದರೆ ಅದು ಕೆಳಗಿಳಿಯಬೇಕು. ಎಡದಿಂದ ತಿರುಗಿಸಿದರೂ ಇಳಿಯಲಿಲ್ಲ, ಬಲದಿಂದ ತಿರುಗಿಸಿದರೂ ಇಳಿಯಲಿಲ್ಲ. ಮೂರು ಸಂಖ್ಯೆಗಳ ಆರು ಅನುಕ್ರಮಗಳನ್ನೂ ಅವಳು ಪರೀಕ್ಷಿಸಿದ್ದಳು. ಒಂದು ಗೆರೆಯಷ್ಟು ಆಚೀಚೆಯಾದರೆ ಇಂಥ ಬೀಗ ಮನ್ನಿಸುತ್ತದೆ, ಅದಕ್ಕಿಂತ ಹೆಚ್ಚು ತಪ್ಪಿದರೆ ಮನ್ನಿಸುವುದಿಲ್ಲ ಎಂದು ಬೀಗ ರಿಪೇರಿಯ ಮುದುಕ ತಿಳಿಸಿದ್ದ. ಬಾಗಿಲಿನ ಒಳಗೆ ಗಾಜಿನ ಹಲಗೆಯೊಂದಿದೆ, ಡ್ರಿಲ್ಲು ತಗುಲಿ ಅದು ಒಡೆದರೆ ಅಗುಳಿಗಳು ಶಾಶ್ವತವಾಗಿ ಕಚ್ಚಿಕೊಳ್ಳುತ್ತವೆ, ಆಮೇಲೆ ಗ್ಯಾಸಿನ ಉರಿಯಿಂದ ಕೊಯ್ಯುವುದೊಂದೇ ದಾರಿ ಎಂದೂ ಹೇಳಿದ್ದ. ಕೊಯ್ದರೆ ಒಳಗಿನ ಮರದ ಪೆಟ್ಟಿಗೆಯ ಗತಿಯೇನೆಂದು ಕೇಳಿದಾಗ ಅವನು ಬರೀ ಕೈ ಆಡಿಸಿದ್ದ.

ಅಳತೆಯನ್ನೇ ಬದುಕಾಗಿಸಿಕೊಂಡಿದ್ದ ಮನುಷ್ಯ ತನ್ನ ಕನ್ನಡಕದ ಡಬ್ಬಿಯಲ್ಲಿ ತಪ್ಪು ಸಂಖ್ಯೆ ಬರೆದಿಟ್ಟುಕೊಳ್ಳುತ್ತಾನೆಯೇ?

ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಮಗಳು ಕಾಣಿಸಿಕೊಂಡಳು. ತಂದೆಯ ಉಯಿಲಿನ ಪ್ರಕಾರ ಈಗ ತಿಜೋರಿ ಅವಳದು. ಮೇಸ್ತ್ರಿ ಕಳ್ಳನಲ್ಲ, ಅದನ್ನು ನೀವು ತೋರಿಸಿಕೊಡಬೇಕು ಎಂದು ಪರೀಕ್ಷಕಿಯನ್ನು ಕರೆಸಿಕೊಂಡವಳೂ ಅವಳೇ. ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದ ಆ ಟೀಚರಮ್ಮನದು ಮಾತು ಕಡಿಮೆ, ಕೆಲಸ ಹೆಚ್ಚು. ಐದು ದಿನಗಳಲ್ಲಿ ಈ ಮನೆಯಲ್ಲಿ ಪರೀಕ್ಷಕಿಯ ರಕ್ತದೊತ್ತಡವನ್ನು ಏರಿಸದೆ ಉಳಿದವಳು ಅವಳೊಬ್ಬಳು.

“ಅಂಗಡಿ ಒಂದ್ಸಲ ನೋಡಬೇಕು,” ಎಂದಳು ಪರೀಕ್ಷಕಿ. “ತಿಜೋರಿ ಮೊದಲು ಎಲ್ಲಿತ್ತೋ ಆ ಜಾಗ.”

“ಅಲ್ಲಿ ಇನ್ನೇನಿದೆ ಮೇಡಂ, ಎಂಟು ದಿನದ ಹಿಂದೇನೇ ಇವ್ರು ಇಲ್ಲಿಗೆ ಸಾಗಿಸಿದ್ರಲ್ಲ.” ಹಾಗೆಂದರೂ ಅವಳು ಬೀಗದ ಕೈ ತಂದುಕೊಟ್ಟಳು. “ಮೇಸ್ತ್ರಿ ಅಲ್ಲೇ ಮೆಟ್ಟಿಲ ಮೇಲೆ ಕೂತಿರ್ತಾನೆ. ಈ ಮನೆ ಹೊಸಿಲು ತುಳೀಬೇಡ ಅಂತ ಇವ್ರು ಹೇಳಿದಾಗಿಂದ ಅವನಿಗೆ ಬೇರೆ ಜಾಗ ಇಲ್ಲ.”

*

ಅಂಗಡಿ ಎರಡು ಬೀದಿಗಳಾಚೆ. ಮೇಸ್ತ್ರಿ ನಿಜಕ್ಕೂ ಮೆಟ್ಟಿಲ ಮೇಲೆ ಕುಳಿತಿದ್ದ. ತೆಳ್ಳಗಿನ, ಬಾಗಿದ ಬೆನ್ನಿನ ಆ ಮನುಷ್ಯ ಅವಳನ್ನು ಕಂಡು ಎದ್ದ, ಅವಳು ಬೀಗ ತೆಗೆಯುತ್ತಲೇ ಶಟರ್ ಎತ್ತಿದ.

ಒಳಗೆ ಎಣ್ಣೆಯ ಮತ್ತು ಹಿತ್ತಾಳೆಯ ವಾಸನೆ. ಛಾವಣಿಯ ಕೊಕ್ಕೆಗಳಿಂದ ತಕ್ಕಡಿ ತಟ್ಟೆಗಳು ಜೋಲುತ್ತಿದ್ದವು. ಗೋಡೆಯುದ್ದಕ್ಕೂ ಒಂದು ಕೆಲಸದ ಮೇಜು, ಅದರ ಮುಂದೆ ಒಂದು ಮರದ ಸ್ಟೂಲು. ಮೇಜಿನ ಬಲತುದಿಗೆ ತಾಗಿಕೊಂಡು ನೆಲದ ಮೇಲೆ ನಾಲ್ಕು ತುಕ್ಕಿನ ಗುರುತುಗಳಿದ್ದವು.

“ತಿಜೋರಿ ಇಲ್ಲಿತ್ತಾ?”

“ಹ್ಞೂಂ.”

“ಮುಖ ಯಾವ ಕಡೆಗಿತ್ತು?”

“ಮೇಜಿನ ಮುಖ ಇರೋ ಕಡೆಗೇ. ಮೇಜಿನ ಅಂಚು, ತಿಜೋರಿ ಬಾಗಿಲು, ಎರಡೂ ಒಂದೇ ಸಾಲು.”

ಪರೀಕ್ಷಕಿ ಸ್ಟೂಲನ್ನು ಎಳೆಯಹೋದಳು. ಅದು ಕದಲಲಿಲ್ಲ. ಬಗ್ಗಿ ನೋಡಿದರೆ ಮೂರು ಕಾಲುಗಳಿಗೂ ಬೋಲ್ಟು ಹಾಕಿ ನೆಲಕ್ಕೆ ಬಿಗಿಯಲಾಗಿತ್ತು. ಕುಳಿತವರು ಅಲ್ಲಾಡಿದರೆ ಮೇಜಿನ ಮೇಲಿನ ಮುಳ್ಳು ಅಲ್ಲಾಡುತ್ತದೆಂದು ಯಜಮಾನರೇ ಹಾಗೆ ಮಾಡಿಸಿದ್ದರು ಎಂದ ಮೇಸ್ತ್ರಿ.

“ತಿಜೋರಿ ತೆಗೆಯೋವಾಗ ಎದ್ದು ಅದರ ಮುಂದೆ ಹೋಗ್ತಿದ್ರಾ?”

“ಎಲ್ಲಿ ಏಳ್ತಿದ್ರಮ್ಮಾ. ಮಂಡಿ ಹೋಗಿ ಒಂಬತ್ತು ವರ್ಷ ಆಯ್ತು. ಬೆಳಗ್ಗೆ ನಾನು ಕೂರಿಸಿದ್ರೆ ಸಂಜೆ ನಾನೇ ಎಬ್ಬಿಸ್ಬೇಕು. ಕೂತಲ್ಲಿಂದಲೇ ಬಲಗೈ ಚಾಚಿ ತಿರುಗಿಸೋರು.”

ಪರೀಕ್ಷಕಿ ನಿಧಾನವಾಗಿ ಅವನತ್ತ ತಿರುಗಿದಳು.

“ಈ ಸಂಖ್ಯೆ ಅವರಿಗೆ ಸಿಕ್ಕಿದ್ದು ಹೇಗೆ?”

“ಅವ್ರೇ ಕಂಡುಹಿಡಿದಿದ್ದು. ಗುಜರಿಯಿಂದ ತಂದಾಗ ನಂಬರ್ ಯಾರಿಗೂ ಗೊತ್ತಿರ್ಲಿಲ್ಲ. ಮಂಡಿ ಹೋದ ವರ್ಷವೇ ಅದು. ಮೂರು ತಿಂಗ್ಳು ಇಲ್ಲೇ ಕೂತು, ಬೆರಳ ತುದೀಲೇ ಒಳಗಿನ ಚಕ್ರಗಳನ್ನ ಹುಡುಕಿದ್ರು. ತೆಗೆದ ದಿನ ಮಗು ಥರ ಅತ್ತುಬಿಟ್ರು.”

“ಇದನ್ನ ಐದು ದಿನದಿಂದ ಯಾಕೆ ಹೇಳಲಿಲ್ಲ ನೀವು?”

ಮೇಸ್ತ್ರಿ ತನ್ನ ಅಂಗೈಗಳನ್ನು ನೋಡಿಕೊಂಡ. “ನೀವು ನಂಬರ್ ಗೊತ್ತಾ ಅಂತ ಕೇಳಿದ್ರಿ. ಗೊತ್ತಿಲ್ಲ ಅಂದೆ. ಯಜಮಾನ್ರು ಹೇಗೆ ಕೂರ್ತಿದ್ರು ಅಂತ ಕೇಳ್ಲಿಲ್ಲ.”

ಪರೀಕ್ಷಕಿ ಮತ್ತೆ ಹತ್ತರವರೆಗೆ ಎಣಿಸಬೇಕೆಂದುಕೊಂಡಳು. ನಾಲ್ಕಕ್ಕೆ ನಿಂತಳು. ಮೇಜಿನ ಮೇಲಿನ ಗೋಡೆಯಲ್ಲಿ, ಗಿರಾಕಿಗಳಿಗೆ ಕಾಣುವಂತೆ, ಒಂದು ತಗಡಿನ ಫಲಕ ತೂಗುತ್ತಿತ್ತು. ಅಕ್ಷರಗಳು ಮೇಷ್ಟ್ರವೇ: ‘ಮುಳ್ಳನ್ನು ಎದುರಿನಿಂದ ನೇರವಾಗಿ ನೋಡಿರಿ. ಪಕ್ಕದಿಂದ ನೋಡಿ ಜಗಳ ತೆಗೆಯಬೇಡಿರಿ.’

ಅವಳು ಸ್ಟೂಲಿನ ಮೇಲೆ ಕುಳಿತು, ತಿಜೋರಿಯಿದ್ದ ಖಾಲಿ ಜಾಗದತ್ತ ಕತ್ತು ಹೊರಳಿಸಿದಳು. ಆಮೇಲೆ ಚೀಲದಿಂದ ಅಳತೆಯ ಟೇಪು ತೆಗೆದಳು. ಅವಳ ಕೈ ಸ್ವಲ್ಪ ಅವಸರಪಡುತ್ತಿತ್ತು.

ಗೋಡೆ ಗಡಿಯಾರವನ್ನು ಪಕ್ಕದಿಂದ ನೋಡಿದವರಿಗೆ ಇದು ಗೊತ್ತು. ಮುಳ್ಳು ಮುಂದಿರುತ್ತದೆ, ಅಂಕಿ ಹಿಂದಿರುತ್ತದೆ. ನೋಡುವವನು ಪಕ್ಕಕ್ಕೆ ಸರಿದಂತೆ ಮುಳ್ಳು ಬೇರೊಂದು ನಿಮಿಷದ ಮೇಲೆ ನಿಂತಂತೆ ಕಾಣುತ್ತದೆ. ತಿಜೋರಿಯ ಡಯಲ್ಲು ಹಿಂದಿನ ಬಳೆಯಿಂದ ಐದು ಮಿಲಿಮೀಟರು ಮುಂದಕ್ಕೆ ಚಾಚಿಕೊಂಡಿತ್ತು. ಸೋಮವಾರವೇ ಅಳೆದು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದಿದ್ದಳು, ಉಪಯೋಗವೇನೆಂದು ತಿಳಿಯದೆ. ಸ್ಟೂಲಿನಿಂದ ನೋಡುವ ಕಣ್ಣು ಡಯಲ್ಲಿನ ಎಡಕ್ಕೆ ಅರವತ್ತು ಸೆಂಟಿಮೀಟರು, ಮುಂದಕ್ಕೆ ನಲವತ್ತೆರಡು. ಅಷ್ಟು ಓರೆಯಿಂದ ನೋಡಿದರೆ ಗುರುತು ಜರುಗಿದಂತೆ ಕಾಣುವುದು ಏಳು ಮಿಲಿಮೀಟರಿನಷ್ಟು. ಒಂದು ಗೆರೆಯಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರು.

ಮೂರು ಗೆರೆ. ಕೂದಲೆಳೆಯಷ್ಟು ಕಡಿಮೆ.

ಮೇಷ್ಟ್ರು ತಪ್ಪು ಬರೆದಿರಲಿಲ್ಲ. ತಮ್ಮ ಕಣ್ಣಿಗೆ ಕಂಡದ್ದನ್ನು ಬರೆದಿದ್ದರು. ಒಂಬತ್ತು ವರ್ಷ ಅದೇ ಸ್ಟೂಲಿನಿಂದ, ಅದೇ ಓರೆಯಿಂದ, ಅದೇ ಸಂಖ್ಯೆಯನ್ನು ಓದಿ ತೆರೆದಿದ್ದರು. ಬೀಗ ಒಮ್ಮೆಯೂ ತಕರಾರು ಮಾಡಿರಲಿಲ್ಲ. ಊರಿನವರಿಗೆಲ್ಲ ನೇರವಾಗಿ ನೋಡಿ ಎಂದು ಬೋರ್ಡು ಹಾಕಿದವರು ಅದೇ ಬೋರ್ಡಿನ ಕೆಳಗೆ ಕುಳಿತು ಪಕ್ಕದಿಂದ ನೋಡಿದ್ದರು. ತಿಜೋರಿಯನ್ನು ಮಗಳ ನಡುಮನೆಗೆ ಸಾಗಿಸಿದರು, ಸ್ಟೂಲು ಇಲ್ಲೇ ಉಳಿಯಿತು. ಅಲ್ಲಿ ಎಲ್ಲರೂ ಬಾಗಿಲಿನ ಎದುರು ನೆಟ್ಟಗೆ ನಿಂತು ಸರಿಯಾಗಿ ಓದಿದರು, ಸರಿಯಾಗಿ ಓದಿದ್ದರಿಂದಲೇ ಅದು ತೆರೆಯಲಿಲ್ಲ.

“ಎಡದಿಂದ ನೋಡೋನಿಗೆ ಮೂರು ಕಡಿಮೆ ಕಾಣುತ್ತೆ,” ಎಂದು ಅವಳು ತನಗೇ ಹೇಳಿಕೊಂಡಳು. “ಆದ್ದರಿಂದ ಕೂಡಿಸಬೇಕು.”

ಇಪ್ಪತ್ತೊಂದು. ಅರವತ್ತೇಳು. ನಲವತ್ತೆರಡು.

“ನಡೀರಿ,” ಎಂದಳು ಮೇಸ್ತ್ರಿಗೆ. “ಹೊಸಿಲು ತುಳಿಯೋ ವಿಚಾರ ನಾನು ನೋಡ್ಕೊಳ್ತೀನಿ.”

*

ಡ್ರಿಲ್ಲಿನವನು ಹೊತ್ತಿಗೆ ಮುಂಚೆಯೇ ಬಂದಿದ್ದ. ತಿಜೋರಿಯ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗುಣಾಕಾರದ ಗುರುತು ಬಿದ್ದಾಗಿತ್ತು, ವೈರು ಗೋಡೆಯ ಪ್ಲಗ್ಗು ಮುಟ್ಟಿಯಾಗಿತ್ತು. ಅಳಿಯ ತೋಳು ಮಡಚಿ ನಿಂತು, ಯಾರೋ ತನಗೆ ಕೊಡಬೇಕಾದ ಮರ್ಯಾದೆಯನ್ನು ಬಾಕಿ ಇಟ್ಟಿದ್ದಾರೆ ಎಂಬಂಥ ಮುಖ ಮಾಡಿಕೊಂಡಿದ್ದ. ಮೇಸ್ತ್ರಿಯನ್ನು ಕಂಡೊಡನೆ ಆ ಮುಖ ಇನ್ನಷ್ಟು ಬಿಗಿಯಿತು.

“ಇವನ್ಯಾಕೆ ಒಳಗೆ?”

“ನಾನು ಕರೆದುಕೊಂಡು ಬಂದೆ,” ಎಂದಳು ಪರೀಕ್ಷಕಿ. ಪ್ಲಗ್ಗು ಕಿತ್ತು ವೈರನ್ನು ಸುತ್ತಿ ಡ್ರಿಲ್ಲಿನವನ ಕೈಗಿತ್ತಳು. ಅವನು ಅದನ್ನು ಹಿಡಿದುಕೊಂಡು, ಯಾರ ಮಾತು ಕೇಳಬೇಕೆಂದು ತಿಳಿಯದೆ, ಇಬ್ಬರ ಮುಖವನ್ನೂ ನೋಡುತ್ತ ನಿಂತ. “ನನಗೆ ಹತ್ತು ನಿಮಿಷ ಬೇಕು.”

“ಐದು ದಿನ ಕೊಟ್ಟಾಯ್ತು ಮೇಡಂ. ಮಜ್ಜಿಗೆ ಕಡೆದ ಹಾಗೆ ಅದನ್ನ ಆ ಕಡೆ ಈ ಕಡೆ ತಿರುಗಿಸ್ತಾನೇ ಇದ್ದೀರಿ. ಬೆಣ್ಣೆ ಬಂತಾ?”

“ಕಡೆಯೋ ಗಡಿಗೆಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಕೈ ಅದ್ದುತ್ತಿದ್ರೆ ಬೆಣ್ಣೆ ಎಲ್ಲಿಂದ ಬರುತ್ತೆ?”

ಚಿಕ್ಕಪ್ಪ ಕೆಮ್ಮಿದರು.

ಅಳಿಯ ಕೆಮ್ಮಿಗೆ ಗಮನ ಕೊಡಲಿಲ್ಲ. ಅವನ ವಾದ ಉದ್ದವಾಗಿತ್ತು, ಆದರೆ ತಿರುಳು ಚಿಕ್ಕದು. ಪೆಟ್ಟಿಗೆ ತಿಜೋರಿಯಲ್ಲಿಲ್ಲ. ಇರಲು ಸಾಧ್ಯವಿಲ್ಲ. ರಸೀದಿಗೆ ಸಹಿ ಹಾಕಿದವನೇ ಅದನ್ನು ಎಲ್ಲಿಗೋ ಸಾಗಿಸಿದ್ದಾನೆ. ಮಾವನವರು ಸತ್ತು ಬಾಯಿ ಮುಚ್ಚಿದ್ದು ಅವನಿಗೆ ಅನುಕೂಲವಾಯಿತು. ಈಗ ಬಾಗಿಲು ಕೊರೆದು ಖಾಲಿ ತಿಜೋರಿಯನ್ನು ಕಾಲೇಜಿನವರಿಗೆ ತೋರಿಸಿದರೆ ಮನೆಯ ಮೇಲಿನ ಕಳಂಕ ತೊಳೆದುಹೋಗುತ್ತದೆ.

ಮೇಸ್ತ್ರಿ ಬಾಗಿಲ ಬಳಿಯೇ ನಿಂತಿದ್ದ. ಚಪ್ಪಲಿಗಳನ್ನು ಹೊರಗೆ ಒಂದರ ಪಕ್ಕ ಒಂದು ಸಮನಾಗಿ ಇಟ್ಟಿದ್ದ. ಪರೀಕ್ಷಕಿಗೆ ಏಕೋ ಅದನ್ನು ನೋಡಲಾಗಲಿಲ್ಲ.

“ಖಾಲಿ ಇದ್ರೆ ನಿಮ್ಮ ಮಾತೇ ಸರಿ,” ಎಂದಳು. “ಖಾಲಿ ಇಲ್ಲದೆ ಇದ್ರೆ? ಡ್ರಿಲ್ಲು ಹೋಗಿ ಗಾಜು ಒಡೆಯುತ್ತೆ. ಆಮೇಲೆ ಬೆಂಕಿ. ಒಳಗೆ ಪೆಟ್ಟಿಗೆ ಇತ್ತೋ ಇಲ್ಲವೋ ಅಂತ ಬೂದಿ ಹೇಳಲ್ಲ. ಇವರು ಸಾಯೋವರೆಗೂ ಕಳ್ಳನಾಗೇ ಇರ್ತಾರೆ. ಯಾರಿಗೆ ಅಷ್ಟು ಅವಸರ ಇದೆ ಅಂತ ನಾನು ಕೇಳಬಹುದಾ?”

ಅಳಿಯನ ಕಿವಿ ಕೆಂಪಾಯಿತು. “ಏನು ಹೇಳ್ತಿದ್ದೀರಿ ಅನ್ನೋ ಅರಿವಿದೆಯಾ ನಿಮಗೆ?”

“ಬರ್ಕೊಂಡೇ ಹೇಳ್ತಿದ್ದೀನಿ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಕದಲಲಿಲ್ಲ, ಬೆನ್ನಿಗೆ ತಿಜೋರಿಯ ತಣ್ಣನೆಯ ಕಬ್ಬಿಣ ತಾಗುತ್ತಿತ್ತು. ಆಗ ಅಡುಗೆಮನೆಯ ಬಾಗಿಲಿನಿಂದ ಮಗಳ ದನಿ ಬಂತು, ಎಂದಿನಂತೆ ಮೆತ್ತಗೆ.

“ರೀ, ಹತ್ತು ನಿಮಿಷ ತಾನೇ. ಕೊಡಿ.”

ಅಳಿಯ ಕೈಚೆಲ್ಲಿ ಸೋಫಾದಲ್ಲಿ ಕುಕ್ಕರಿಸಿದ. ಚಿಕ್ಕಪ್ಪ ಸರಿದು ಜಾಗ ಮಾಡಿಕೊಟ್ಟರು.

ಪರೀಕ್ಷಕಿ ಡಯಲ್ಲಿನ ಎದುರು ನೆಟ್ಟಗೆ ನಿಂತಳು. ನಾಲ್ಕು ಸುತ್ತು ತಿರುಗಿಸಿ ಸೊನ್ನೆಗೆ ತಂದಳು. ಎಡಕ್ಕೆ ಇಪ್ಪತ್ತೊಂದು. ಬಲಕ್ಕೆ ಅರವತ್ತೇಳು. ಎಡಕ್ಕೆ ನಲವತ್ತೆರಡು. ಹಿಡಿಕೆಯ ಮೇಲೆ ಕೈಯಿಟ್ಟು ಒತ್ತಿದಳು.

ಐದು ದಿನ ಅವಳ ಭುಜವನ್ನು ನೋಯಿಸಿದ್ದ ಆ ಹಿಡಿಕೆ, ಎಂದೂ ಹಟ ಮಾಡಿಯೇ ಇಲ್ಲವೆಂಬಂತೆ ಕೆಳಗಿಳಿಯಿತು.

ಬಾಗಿಲು ಭಾರವಾಗಿ ತೆರೆದುಕೊಂಡಿತು. ಮೇಲಿನ ಅರೆ ಖಾಲಿ. ಕೆಳಗಿನ ಅರೆಯಲ್ಲಿ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಅವಳು ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲು, ಮಖಮಲ್ಲಿನ ಎಂಟು ಗುಳಿಗಳಲ್ಲಿ ಎಂಟು ಬಟ್ಟುಗಳು.

“ಅಣ್ಣ ಅಣ್ಣನೇ,” ಎಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು. ತಾನು ಎಪ್ಪತ್ತಮೂರರಲ್ಲಿ ಆರು ಕಳೆದಿದ್ದರೆ ಅರವತ್ತೇಳು ಸಿಕ್ಕೇಬಿಡುತ್ತಿತ್ತು ಎಂದು ಡ್ರಿಲ್ಲಿನವನಿಗೆ ವಿವರಿಸತೊಡಗಿದರು. ಅಳಿಯ ಫೋನ್ ಎತ್ತಿಕೊಂಡು, ಕಾಲೇಜಿನವರಿಗೆ ವಸ್ತು ಸಿಕ್ಕಿತೆಂದು ತಿಳಿಸಲು ಜಗಲಿಗೆ ಹೋದ. ಗಂಟೆ ನಾಲ್ಕು ಹತ್ತು.

ಪರೀಕ್ಷಕಿ ಮೇಸ್ತ್ರಿಯತ್ತ ತಿರುಗಿದಳು. ಅವನ ಮುಖದಲ್ಲಿ ಬಿಡುಗಡೆಯ ಸುಳಿವಿರಲಿಲ್ಲ. ಅವನು ಮೇಜಿನ ಮೇಲಿನ ಪತ್ರಿಕೆಯನ್ನು ಅಸಹ್ಯದಿಂದ ನೋಡುತ್ತಿದ್ದ.

“ಇದನ್ಯಾರು ಸುತ್ತಿದ್ದು?”

“ಯಾಕೆ? ಮೇಷ್ಟ್ರೇ ಇರಬೇಕು.”

“ಯಜಮಾನ್ರು ಬಟ್ಟಿನ ಹತ್ರ ಪೇಪರ್ ಬರೋಕೇ ಬಿಡ್ತಿರ್ಲಿಲ್ಲಮ್ಮಾ. ಇಂಕು ಹತ್ತುತ್ತೆ, ತೂಕ ಕೆಡುತ್ತೆ ಅಂತ. ನನ್ನ ಕಣ್ಣೆದುರಿಗೆ ಬರೀ ಪೆಟ್ಟಿಗೇನೇ ಇಟ್ರು.”

ಅವಳು ಸುಕ್ಕಾದ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಕೆಳಗಿನ ಮೂಲೆಯಲ್ಲಿ ಒಂದು ಪದಬಂಧ. ಅರ್ಧ ತುಂಬಿತ್ತು, ಚಿಕ್ಕಪ್ಪನ ಹಸಿರು ಶಾಯಿಯಲ್ಲಿ. ಮೇಲುಗಡೆ ತಾರೀಖು.

ಬುಧವಾರ. ಮೊನ್ನೆ.

ಮೇಷ್ಟ್ರು ತೀರಿಕೊಂಡು ಇಂದಿಗೆ ಹನ್ನೆರಡು ದಿನ.

ಅವಳ ಬೆರಳುಗಳು ತಾವಾಗಿಯೇ ರಿಜಿಸ್ಟರಿನ ಪುಟ ಹಿಂದಕ್ಕೆ ತಿರುವಿದವು. ಬುಧವಾರ ಸಂಜೆ ಆರು: ಸೊನ್ನೆಗೆ ತಂದು ನಿಲ್ಲಿಸಿದೆ, ಹೊರಟೆ. ಗುರುವಾರ ಬೆಳಗ್ಗೆ ಒಂಬತ್ತು ಹತ್ತು: ನಲವತ್ತೆರಡು.

ನಲವತ್ತೆರಡು, ಮೂರನೆಯ ಸಂಖ್ಯೆ. ಯಾರೋ ತಿಜೋರಿಯನ್ನು ತೆರೆದು, ಪೊಟ್ಟಣವನ್ನಿಟ್ಟು, ಬಾಗಿಲು ತಳ್ಳಿ, ಹಿಡಿಕೆ ಎತ್ತಿ, ಅವಸರದಲ್ಲಿ ಡಯಲ್ಲು ತಿರುಗಿಸಲು ಮರೆತು ಹೋಗಿದ್ದರು. ಗುರುವಾರ ಬೆಳಗ್ಗೆ ಈ ತಿಜೋರಿಗೆ ಬೀಗವೇ ಬಿದ್ದಿರಲಿಲ್ಲ. ಹಿಡಿಕೆಯನ್ನು ಸುಮ್ಮನೆ ಒತ್ತಿದ್ದರೆ ಸಾಕಿತ್ತು. ಅವಳು ಒತ್ತಲಿಲ್ಲ. ನಿಯಮದ ಪ್ರಕಾರ ನಾಲ್ಕು ಸುತ್ತು ಗರಗರ ತಿರುಗಿಸಿ, ತೆರೆದಿದ್ದ ಬೀಗವನ್ನು ತನ್ನ ಕೈಯಾರೆ ಹಾಕಿ, ಸೊನ್ನೆಗೆ ತಂದು, ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದಳು. ಐದು ದಿನ ಈ ಮನೆಯವರ ಮೇಲೆ ಹರಿಹಾಯ್ದಿದ್ದ ಅವಳಿಗೆ ಈಗ ಹರಿಹಾಯಲು ಬೇರೆ ಯಾರೂ ಸಿಗಲಿಲ್ಲ.

ಅಂದರೆ ಈ ನಾಲ್ಕು ಗೋಡೆಗಳ ನಡುವೆ ಸರಿಯಾದ ಸಂಖ್ಯೆ ಗೊತ್ತಿದ್ದವರು ಒಬ್ಬರಿದ್ದರು. ಅವಳು ಒದ್ದಾಡುವುದನ್ನು ನೋಡುತ್ತ, ನಡುನಡುವೆ ಚಹಾ ಬೇಕೇ ಎಂದೂ ಕೇಳಿರಬಹುದಾದವರು.

ಅವಳು ಐದನೆಯ ಅಂಕಣದತ್ತ ನೋಡಿದಳು. ಅಷ್ಟರಲ್ಲಿ ಮೇಸ್ತ್ರಿ ಪೆಟ್ಟಿಗೆಯ ಇಕ್ಕುಳದಿಂದ ಎಲ್ಲಕ್ಕಿಂತ ದೊಡ್ಡ ಬಟ್ಟನ್ನು ಎತ್ತಿ ಹಿಡಿದಿದ್ದ. ಅವನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಕೆಳಗಿಳಿಸಿ, ಮತ್ತೆ ಎತ್ತಿದ. ಬಗ್ಗಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

“ಅಮ್ಮಾ, ಇದು ಇನ್ನೂರು ಗ್ರಾಂ ಅಲ್ಲ. ನೂರ ಎಂಬತ್ತಿದ್ರೆ ಹೆಚ್ಚು.”

ಜಗಲಿಯಿಂದ ಅಳಿಯನ ನಗು ಕೇಳಿಸಿತು. ಕಾಲೇಜಿನವರು ಅರ್ಧ ಗಂಟೆಯಲ್ಲಿ ಬರುತ್ತಾರಂತೆ, ತಮ್ಮದೇ ತಕ್ಕಡಿ ತರುತ್ತಾರಂತೆ ಎಂದು ಅವನು ಅಲ್ಲಿಂದಲೇ ಕೂಗಿ ಹೇಳಿದ. ಅವರು ತೂಗುತ್ತಾರೆ. ಬಟ್ಟು ನಕಲಿಯೆಂದು ತಿಳಿಯುತ್ತದೆ. ನಕಲಿ ಮಾಡಲು ಬರುವ ಕೈ ಯಾವುದೆಂದು ಕೇಳಿದರೆ ಎಲ್ಲರ ಬೆರಳೂ ತಿರುಗುವುದು ಈ ಮುದುಕನ ಕಡೆಗೇ. ಎಂಟು ದಿನದಿಂದ ಅವನು ಈ ಹೊಸಿಲು ತುಳಿದಿರಲಿಲ್ಲ. ಪೆಟ್ಟಿಗೆ ಒಳಗೆ ಹೋದದ್ದು ಮೊನ್ನೆ ಬುಧವಾರಕ್ಕಿಂತ ಮುಂಚೆ ಅಲ್ಲ ಎಂದು ಹೇಳಬಲ್ಲದ್ದು ಜಗತ್ತಿನಲ್ಲಿ ಒಂದೇ ಒಂದಿತ್ತು. ಅದು ಸುಕ್ಕುಗಟ್ಟಿದ ಆ ಪತ್ರಿಕೆಯ ಹಾಳೆ.

ಐದನೆಯ ಅಂಕಣದಲ್ಲಿ, ಗುರುವಾರದ ನಲವತ್ತೆರಡರ ಎದುರು, ಅವಳದೇ ಅಕ್ಷರದಲ್ಲಿತ್ತು: ‘ಮಗಳು, ಧೂಳು ಒರೆಸುವಾಗ.’

ಅವಳು ತಲೆಯೆತ್ತಿದಳು. ಮೇಷ್ಟ್ರ ಮಗಳು ಯಾವಾಗ ಬಂದಳೋ, ಮೇಜಿನ ಆಚೆ ಬದಿಯಲ್ಲಿ ನಿಂತಿದ್ದಳು. ಅವಳು ಬಟ್ಟುಗಳನ್ನು ನೋಡುತ್ತಿರಲಿಲ್ಲ. ಅಪ್ಪನ ತಿಜೋರಿಯನ್ನೂ ನೋಡುತ್ತಿರಲಿಲ್ಲ.

“ಆ ಹಳೇ ಪೇಪರ್ ಇತ್ತ ಕೊಡಿ ಮೇಡಂ,” ಎಂದಳು, ಎಂದಿನಂತೆ ಮೆತ್ತಗೆ. “ರದ್ದಿಗೆ ಹಾಕ್ತೀನಿ.”

ಚಾಚಿದ ಕೈ ನಡುಗುತ್ತಿರಲಿಲ್ಲ.